ಬಸುರಿ, ಬಾಣಂತಿ, ಕೂಸು: ವಿಮಾನದ ಟಿಕೆಟ್‌ಗೆ ಮುಂಚೆ ತಾರೀಖು ನೋಡಿ

ಸೀಮಂತ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಬಹಳಷ್ಟು ಮನೆಗಳ ರೂಢಿ. ಹಿಂದೆ ತವರು ಅಂದರೆ ಪಕ್ಕದ ತಾಲ್ಲೂಕು, ಹೆಚ್ಚೆಂದರೆ ಒಂದು ರಾತ್ರಿಯ ಬಸ್ಸು. ಈಗ ಮಗಳು ಪುಣೆಯಲ್ಲೋ ಗುರುಗ್ರಾಮದಲ್ಲೋ ದುಬೈಯಲ್ಲೋ ಇರುತ್ತಾಳೆ, ತವರು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ. ವಿಮಾನ ಬಿಟ್ಟರೆ ಗತಿಯಿಲ್ಲ. ಕೆಲವರ ಮನೆಯಲ್ಲಿ ಸೀಮಂತ ಏಳನೇ ತಿಂಗಳಿಗೆ, ಕೆಲವರಲ್ಲಿ ಒಂಬತ್ತಕ್ಕೆ. ಹಿರಿಯರು ಪಂಚಾಂಗ ನೋಡಿ ದಿನ ಗೊತ್ತು ಮಾಡುತ್ತಾರೆ, ಅದರ ಮಾರನೆಯ ದಿನಕ್ಕೆ ಟಿಕೆಟ್ ಆಗುತ್ತದೆ. ವಿಮಾನ ಸಂಸ್ಥೆಯ ನಿಯಮವನ್ನು ಯಾರಾದರೂ ತೆರೆದು ನೋಡುವುದು ಬಹುಮಟ್ಟಿಗೆ ಹೊರಡುವ ಹಿಂದಿನ ರಾತ್ರಿ.

ಗಾಬರಿ ಬೀಳುವಂಥ ನಿಯಮಗಳೇನೂ ಇಲ್ಲ. ತೊಂದರೆಯಿಲ್ಲದ ಬಸುರಿಯಲ್ಲಿ ವಿಮಾನ ಪ್ರಯಾಣ ಸುರಕ್ಷಿತ ಎಂಬುದರಲ್ಲಿ ವೈದ್ಯಲೋಕಕ್ಕೆ ಅನುಮಾನವಿಲ್ಲ. ಆದರೆ ವಿಮಾನ ಸಂಸ್ಥೆಗಳು ಎಲ್ಲವನ್ನೂ ತಾರೀಖಿನ ಮೇಲೆ ಅಳೆಯುತ್ತವೆ: ಬಸುರಿಗೆ ಎಷ್ಟು ವಾರ, ಕೂಸಿಗೆ ಎಷ್ಟು ದಿನ, ಮಗುವಿಗೆ ಎರಡು ವರ್ಷ ಯಾವತ್ತು ತುಂಬುತ್ತದೆ. ಈ ತಾರೀಖುಗಳನ್ನು ಟಿಕೆಟ್‌ಗೆ ಮುಂಚೆ ಲೆಕ್ಕ ಹಾಕಿಟ್ಟುಕೊಂಡವರಿಗೆ ಉಳಿದದ್ದು ಸುಲಭ.

ತಿಂಗಳು ಬಿಡಿ, ವಾರ ಎಣಿಸಿ

ಮನೆಯಲ್ಲಿ ನಾವು ತಿಂಗಳು ಎಣಿಸುತ್ತೇವೆ, ವಿಮಾನ ಸಂಸ್ಥೆ ವಾರ ಕೇಳುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ, ಅಂದರೆ 280 ದಿನಕ್ಕೆ ಹೆರಿಗೆಯ ದಿನಾಂಕ. ಅದನ್ನೇ ಆಸ್ಪತ್ರೆಯಲ್ಲಿ ಡ್ಯೂ ಡೇಟ್ ಅಥವಾ ಇಡಿಡಿ ಎನ್ನುತ್ತಾರೆ. ನಿಮ್ಮ ತಾಯಿ ಕಾರ್ಡಿನಲ್ಲೂ ಅದು ಬರೆದಿರುತ್ತದೆ. ಸುಲಭದ ದಾರಿಯೆಂದರೆ ಅಲ್ಲಿಂದ ಹಿಂದಕ್ಕೆ ಎಣಿಸುವುದು. ಡ್ಯೂ ಡೇಟಿಗೆ 84 ದಿನ ಮುಂಚೆ 28 ವಾರ ತುಂಬುತ್ತದೆ, 56 ದಿನ ಮುಂಚೆ 32 ವಾರ, 28 ದಿನ ಮುಂಚೆ 36 ವಾರ.

ಒಂದು ಉದಾಹರಣೆ. ಡ್ಯೂ ಡೇಟ್ ನವೆಂಬರ್ 30 ಎಂದಿಟ್ಟುಕೊಳ್ಳಿ. 28 ವಾರ ತುಂಬುವುದು ಸೆಪ್ಟೆಂಬರ್ 7ಕ್ಕೆ, 32 ವಾರ ಅಕ್ಟೋಬರ್ 5ಕ್ಕೆ, 36 ವಾರ ನವೆಂಬರ್ 2ಕ್ಕೆ. ಈ ಮೂರು ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು, ಆಮೇಲೆ ಸೀಮಂತದ ದಿನ ನೋಡಿ. ಎಂಟು ತಿಂಗಳು ತುಂಬುವ ಹೊತ್ತಿಗೆ ಸುಮಾರು 35 ವಾರ ಆಗಿರುತ್ತದೆ. ಒಂಬತ್ತನೇ ತಿಂಗಳಲ್ಲಿ ಶಾಸ್ತ್ರ ಮಾಡಿ ವಿಮಾನ ಹತ್ತಿಸುತ್ತೇವೆ ಎನ್ನುವ ಮನೆಯವರಿಗೆ 36 ವಾರದ ಗಡಿಗೆ ಮುಂಚೆ ಉಳಿಯುವುದು ಹೆಚ್ಚೆಂದರೆ ಒಂದು ವಾರ.

ಇಲ್ಲಿ ಎರಡು ಕಡೆ ಎಡವುವ ಸಾಧ್ಯತೆಯಿದೆ. ಮೊದಲನೆಯದು, 32 ವಾರ ತುಂಬುವುದು ಬೇರೆ, 32ನೇ ವಾರ ನಡೆಯುವುದು ಬೇರೆ. ಸ್ಕ್ಯಾನಿಂಗ್ ವರದಿಯಲ್ಲಿ 31 ವಾರ 4 ದಿನ ಎಂದಿದ್ದರೆ ನಡೆಯುತ್ತಿರುವುದು 32ನೇ ವಾರ. ಸಂಸ್ಥೆಯ ನಿಯಮದಲ್ಲಿ ಯಾವ ಮಾತು ಬಳಸಿದ್ದಾರೆ ಎಂದು ಗಮನವಿಟ್ಟು ಓದಿ. ಎರಡನೆಯದು, ಕೊನೆಯ ತಿಂಗಳುಗಳಲ್ಲಿ ಮಾಡುವ ಬೆಳವಣಿಗೆಯ ಸ್ಕ್ಯಾನಿಂಗ್ ಮಗುವಿನ ಗಾತ್ರ ನೋಡಿ ಬೇರೆಯೇ ಒಂದು ಡ್ಯೂ ಡೇಟ್ ಮುದ್ರಿಸುವುದುಂಟು. ಅದು ಮಗು ಎಷ್ಟು ಬೆಳೆದಿದೆ ಎಂಬುದರ ಸೂಚನೆಯಷ್ಟೇ, ತಾರೀಖು ಬದಲಾಗುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ವೈದ್ಯರು ನಿಗದಿ ಮಾಡಿದ ದಿನಾಂಕವೇ ಕೊನೆಯವರೆಗೂ ಲೆಕ್ಕ. ಕೌಂಟರಿನಲ್ಲಿ ತೋರಿಸುವ ಎಲ್ಲ ಕಾಗದಗಳಲ್ಲೂ ಅದೊಂದೇ ದಿನಾಂಕ ಇರಲಿ.

ಯಾವ ವಾರಕ್ಕೆ ಯಾವ ಕಾಗದ

ಒಂದೊಂದು ಸಂಸ್ಥೆಯದು ಒಂದೊಂದು ನಿಯಮ, ಆದರೆ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಮೊದಲ ಹಂತದಲ್ಲಿ ಯಾವ ಕಾಗದವೂ ಬೇಡ. ಎರಡನೇ ಹಂತದಲ್ಲಿ ವೈದ್ಯರ ‘ಫಿಟ್ ಟು ಫ್ಲೈ’ ಪತ್ರ ಬೇಕು. ಮೂರನೇ ಹಂತದಲ್ಲಿ ಪತ್ರ ಇದ್ದರೂ ಹತ್ತಿಸಿಕೊಳ್ಳುವುದಿಲ್ಲ. ಇಂಡಿಗೋದಲ್ಲಿ 32 ವಾರ ಮುಗಿಯುವವರೆಗೆ ಪತ್ರ ಬೇಕಿಲ್ಲ, 33ರಿಂದ 36ರವರೆಗೆ ಬೇಕು, ಅದಾದ ಮೇಲೆ ಪ್ರಯಾಣ ಇಲ್ಲ. ಎಮಿರೇಟ್ಸ್ 29ನೇ ವಾರದಿಂದಲೇ ಪತ್ರ ಕೇಳುತ್ತದೆ. ಒಂದೇ ಮಗುವಾದರೆ 36 ವಾರ, ಅವಳಿಯಾದರೆ 32 ವಾರ ಅದರ ಗಡಿ. ಬ್ರಿಟಿಷ್ ಏರ್‌ವೇಸ್‌ನ ಗಡಿಯೂ ಇಷ್ಟೇ. ಅವಳಿ ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾದ ಸಂಸ್ಥೆಗಳಿವೆ. ನಿಯಮಗಳು ಬದಲಾಗುತ್ತಲೂ ಇರುತ್ತವೆ. ಆದ್ದರಿಂದ ಟಿಕೆಟ್ ಮಾಡಿಸುವ ದಿನ ಸಂಸ್ಥೆಯ ಜಾಲತಾಣದಲ್ಲಿ ಓದಿ, ಆ ಪುಟವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಒಂದು ಸಂಸ್ಥೆಯಲ್ಲಿ ಹೊರಟು ನಡುವೆ ಇನ್ನೊಂದಕ್ಕೆ ಬದಲಾಯಿಸುವುದಿದ್ದರೆ ಇಬ್ಬರಲ್ಲಿ ಯಾರದು ಬಿಗಿಯೋ ಅದನ್ನೇ ಹಿಡಿಯಿರಿ.

ಹೋಗುವ ದಿನ ಮಾತ್ರ ನೋಡಿದರೆ ಸಾಲದು, ವಾಪಸು ಬರುವ ದಿನವೂ ಲೆಕ್ಕಕ್ಕೆ ಬರಬೇಕು. 27 ವಾರಕ್ಕೆ ಎಮಿರೇಟ್ಸ್‌ನಲ್ಲಿ ಗಂಡನಿರುವ ದುಬೈಗೆ ಹೊರಟು ಮೂರು ವಾರ ಇದ್ದು ಬರುವವರಿಗೆ ಹೋಗುವಾಗ ಪತ್ರ ಬೇಕಾಗುವುದಿಲ್ಲ, ಬರುವಾಗ ಬೇಕಾಗುತ್ತದೆ. ಪರದೇಶದಲ್ಲಿ ಗೊತ್ತಿಲ್ಲದ ವೈದ್ಯರ ಬಳಿ ಅದನ್ನು ಬರೆಸುವುದು ಖರ್ಚಿನ ಬಾಬತ್ತು, ಅಲೆದಾಟದ್ದೂ ಹೌದು.

ಪತ್ರದಲ್ಲಿ ಏನಿರಬೇಕು? ಹೆಸರು ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಇರಬೇಕು. ಎಷ್ಟು ವಾರ, ಡ್ಯೂ ಡೇಟ್, ಒಂದು ಮಗುವೋ ಅವಳಿಯೋ, ತೊಡಕುಗಳಿಲ್ಲ ಎಂಬ ಮಾತು, ಯಾವ ದಿನದ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬುದು, ಕೆಳಗೆ ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಮತ್ತು ದಿನಾಂಕ. ಪತ್ರ ಹಳೆಯದಾಗಿರಬಾರದು. ಕೆಲವು ಸಂಸ್ಥೆಗಳು ಪ್ರಯಾಣಕ್ಕೆ ಮೂರು ದಿನದೊಳಗೆ ಬರೆದದ್ದನ್ನೇ ಕೇಳುತ್ತವೆ, ಕೆಲವು ಒಂದು ವಾರದವರೆಗೆ ಒಪ್ಪುತ್ತವೆ. ವಿದೇಶಕ್ಕೆ ಹೋಗುವುದಾದರೆ ಇಂಗ್ಲಿಷಿನಲ್ಲಿ ಬರೆಸಿ. ನೋಡುವುದಕ್ಕೆ ಹೊಟ್ಟೆ ದೊಡ್ಡದಿದ್ದರೆ 28 ವಾರಕ್ಕೇ ಸಿಬ್ಬಂದಿ ಪ್ರಶ್ನೆ ಕೇಳಬಹುದು. ಕಡ್ಡಾಯವಿಲ್ಲದಿದ್ದರೂ ಆರು ತಿಂಗಳು ದಾಟಿದವರು ಒಂದು ಪತ್ರ ಇಟ್ಟುಕೊಳ್ಳುವುದು ಒಳ್ಳೆಯದು. ವಾರ ಮುಚ್ಚಿಟ್ಟು ಹತ್ತುವ ಯೋಚನೆ ಮಾತ್ರ ಬೇಡ.

ಈ ಗಡಿಗಳು ಯಾಕೆ?

ಆಕಾಶದಲ್ಲಿ ಹಾರಿದರೆ ನೋವು ಬೇಗ ಬರುತ್ತದೆ ಎಂದಲ್ಲ. 37 ವಾರದ ನಂತರ ಯಾವ ಹೊತ್ತಿನಲ್ಲಾದರೂ ನೋವು ಶುರುವಾಗಬಹುದು, ಅವಳಿಯಾದರೆ ಇನ್ನೂ ಮುಂಚೆ. ವಿಮಾನದಲ್ಲಿ ಹೆರಿಗೆ ಕೋಣೆಯಿಲ್ಲ, ರಕ್ತವಿಲ್ಲ, ಮಕ್ಕಳ ತಜ್ಞರಿಲ್ಲ. ಸಮುದ್ರದ ಮೇಲಿದ್ದರೆ ಕೆಳಗಿಳಿಯುವುದಕ್ಕೇ ಗಂಟೆಗಳು ಹಿಡಿಯಬಹುದು. ನಿಯಮದ ಹಿಂದಿರುವುದು ಈ ಲೆಕ್ಕಾಚಾರ.

ಇನ್ನು ವಿಮಾನದೊಳಗಿನ ಗಾಳಿ. ಹಾರಾಟದಲ್ಲಿ ಒಳಗಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿ ಇರುವಷ್ಟಿರುತ್ತದೆ. ಮುಳ್ಳಯ್ಯನಗಿರಿಯ ತುದಿ 6,300 ಅಡಿ ಚಿಲ್ಲರೆ, ಊಟಿ 7,300ರ ಆಸುಪಾಸು. ಅಲ್ಲಿ ನಿಂತಾಗ ಉಸಿರಿಗೆ ಸಿಗುವಷ್ಟೇ ಆಮ್ಲಜನಕ ಇಲ್ಲೂ ಸಿಗುತ್ತದೆ. ಆರೋಗ್ಯವಂತ ತಾಯಿಗೆ ಅಷ್ಟು ಸಾಕು. ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ದೊಡ್ಡವರದಕ್ಕಿಂತ ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುವುದರಿಂದ ಅದಕ್ಕೂ ತೊಂದರೆಯಾಗದು. ತೊಂದರೆ ಬರುವುದು ತಾಯಿಗೆ ರಕ್ತ ತೀರಾ ಕಡಿಮೆಯಿದ್ದಾಗ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಸ್ವಲ್ಪ ಕಡಿಮೆಯಿದ್ದರೆ ಪ್ರಯಾಣಕ್ಕೆ ಅಡ್ಡಿಯಿಲ್ಲ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ವೈದ್ಯರನ್ನು ಕೇಳದೆ ಹೊರಡಬೇಡಿ. ಟಿಕೆಟ್‌ಗೆ ಮುಂಚೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಸರಿಪಡಿಸಿಕೊಳ್ಳುವುದಕ್ಕೂ ಸಮಯ ಸಿಗುತ್ತದೆ.

ಭದ್ರತಾ ಬಾಗಿಲಿನ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ನಾವು ಹಾದು ಹೋಗುವ ಲೋಹಶೋಧಕ ಕಾಂತಕ್ಷೇತ್ರದಿಂದ ಕೆಲಸ ಮಾಡುತ್ತದೆ, ಎಕ್ಸ್‌ರೇಯಿಂದಲ್ಲ. ಎಕ್ಸ್‌ರೇ ಬೀಳುವುದು ಬ್ಯಾಗುಗಳ ಮೇಲೆ ಮಾತ್ರ. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ಕೈಯಿಂದ ತಪಾಸಣೆ ಮಾಡಿ ಎಂದು ಮಹಿಳಾ ಸಿಬ್ಬಂದಿಯನ್ನು ಕೇಳಬಹುದು. ಎತ್ತರದಲ್ಲಿ ಬಾಹ್ಯಾಕಾಶದ ವಿಕಿರಣ ತುಸು ಹೆಚ್ಚಿರುವುದು ನಿಜ, ಅದು ವಾರವಾರವೂ ಹಾರುವವರು ಯೋಚಿಸಬೇಕಾದ ವಿಷಯ. ತವರಿಗೆ ಹೋಗಿಬರುವವರಿಗೆ ಅದರ ಚಿಂತೆ ಬೇಡ.

ಯಾರು ಹೋಗದಿರುವುದು ಒಳ್ಳೆಯದು

ರಕ್ತಸ್ರಾವ ಆಗುತ್ತಿರುವವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗಿನಲ್ಲಿ ಹೇಳಿಸಿಕೊಂಡವರು, ಬಿಪಿ ಏರಿ ಕಾಲು ಮುಖ ಊದಿಕೊಂಡವರು, ಹಿಂದೆ ದಿನ ತುಂಬುವ ಮುಂಚೆ ಹೆತ್ತವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು: ಇವರೆಲ್ಲ ವಾರದ ಲೆಕ್ಕ ಬದಿಗಿಟ್ಟು ತಮ್ಮ ವೈದ್ಯರ ಮಾತು ಕೇಳಬೇಕು. ಸಂಸ್ಥೆಯ ನಿಯಮ ಒಪ್ಪಿದ ಮಾತ್ರಕ್ಕೆ ದೇಹ ಒಪ್ಪಬೇಕೆಂದಿಲ್ಲ.

ಮೊದಲ ಮೂರು ತಿಂಗಳಲ್ಲಿ ಹಾರಿದರೆ ಗರ್ಭಪಾತ ಆಗುತ್ತದೆ ಎಂಬ ಭಯ ಮನೆಮನೆಯಲ್ಲೂ ಇದೆ. ಆ ಅವಧಿಯಲ್ಲಿ ಗರ್ಭ ನಿಲ್ಲದಿರುವುದು ಮನೆಯಲ್ಲೇ ಕುಳಿತವರಲ್ಲೂ ಸಾಮಾನ್ಯ, ಅದನ್ನು ವಿಮಾನದ ತಲೆಗೆ ಕಟ್ಟುವಂತಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. ಗರ್ಭ ಕೋಶದೊಳಗೇ ಕೂತಿದೆ, ನಾಳದಲ್ಲಿ ಅಲ್ಲ ಎಂದು ಸ್ಕ್ಯಾನಿಂಗಿನಲ್ಲಿ ಖಚಿತವಾಗುವ ಮುಂಚೆ ದೂರ ಪ್ರಯಾಣ ಬೇಡ. ವಾಂತಿ, ಸುಸ್ತು ಕಡಿಮೆಯಾಗಿ ಹೊಟ್ಟೆ ಇನ್ನೂ ಭಾರವಾಗದ 14ರಿಂದ 28 ವಾರಗಳ ನಡುವಿನ ಕಾಲವೇ ಎಲ್ಲಕ್ಕಿಂತ ಆರಾಮದ್ದು. ಏಳರಲ್ಲಿ ಸೀಮಂತ ಮಾಡುವ ಮನೆಗಳಿಗೆ ಇದು ಒದಗಿಬರುವ ಲೆಕ್ಕ.

ಕೂತ ಮೇಲೆ

ಬಸುರಿಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಕೂತರೆ ಮೀನಖಂಡದಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಿರಿ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ದೂರದ ಹಾರಾಟಕ್ಕೆ ಬಿಗಿ ಕಾಲುಚೀಲ ಹಾಕಿಕೊಳ್ಳಿ. ಹಿಂದೆ ಹೆಪ್ಪುಗಟ್ಟಿದ್ದ ತೊಂದರೆ ಇದ್ದವರಿಗೆ ಚುಚ್ಚುಮದ್ದು ಬೇಕಾಗಬಹುದು, ಕೇಳಿ. ಒಳಗಿನ ಗಾಳಿ ಬಹಳ ಒಣ. ಮೂತ್ರಕ್ಕೆ ಏಳಬೇಕಾಗುತ್ತದೆಂದು ನೀರು ಬಿಡಬೇಡಿ. ಬೆಲ್ಟನ್ನು ಹೊಟ್ಟೆಯ ಮೇಲೆ ಬಿಗಿಯದೆ ಕೆಳಹೊಟ್ಟೆಯ ಕೆಳಗೆ, ತೊಡೆಯ ಬುಡಕ್ಕೆ ಕಟ್ಟಿ. ತುರ್ತು ಬಾಗಿಲಿನ ಸಾಲಿನ ಸೀಟು ಬಸುರಿಯರಿಗೂ ಕೂಸಿರುವವರಿಗೂ ಕೊಡುವುದಿಲ್ಲ, ಕಾಲು ಚಾಚಲು ಜಾಗವಿದೆಯೆಂದು ಅದನ್ನು ಕಾದಿರಿಸಬೇಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಮಾತ್ರೆಗಳು ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ.

ಹುಟ್ಟಿದ ಕೂಸನ್ನು ಯಾವಾಗ ಹತ್ತಿಸಬಹುದು?

ನಿಯಮದ ಪ್ರಕಾರ ಕೆಲವು ಸಂಸ್ಥೆಗಳು ಮೂರು ದಿನದ ಕೂಸನ್ನೂ ಹತ್ತಿಸಿಕೊಳ್ಳುತ್ತವೆ, ಕೆಲವು ಏಳು ದಿನ, ಇನ್ನು ಕೆಲವು ಹದಿನಾಲ್ಕು ದಿನ ಆಗಿರಬೇಕು ಎನ್ನುತ್ತವೆ. ಇದು ಕನಿಷ್ಠ ಮಿತಿ, ಇಷ್ಟಾದೊಡನೆ ಹೊರಡಬೇಕೆಂದು ಅರ್ಥವಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ಶ್ವಾಸಕೋಶ, ಹೃದಯದ ರಕ್ತಸಂಚಾರ ಹೊರಗಿನ ಬದುಕಿಗೆ ಹೊಂದಿಕೊಳ್ಳುತ್ತಿರುತ್ತವೆ. ಅನಿವಾರ್ಯವಿಲ್ಲದಿದ್ದರೆ ಆರು ವಾರದ ಲಸಿಕೆಗಳು ಆಗುವವರೆಗೆ ತಡೆಯಿರಿ ಎಂಬುದು ನನ್ನ ಸಲಹೆ. ದಿನ ತುಂಬದೆ ಹುಟ್ಟಿದ ಕೂಸಿಗೆ, ಹುಟ್ಟಿದ ದಿನದಿಂದಲ್ಲ, ಮೂಲ ಡ್ಯೂ ಡೇಟಿನಿಂದ ಎಣಿಸಿ, ಮಕ್ಕಳ ವೈದ್ಯರ ಒಪ್ಪಿಗೆ ಪಡೆಯಿರಿ. ಸಿಸೇರಿಯನ್ ಆದ ಬಾಣಂತಿ ಹೊಲಿಗೆ ತೋರಿಸಿ, ವೈದ್ಯರಿಂದ ಬರೆಸಿಕೊಂಡೇ ಹೊರಡಬೇಕು. ಹೆರಿಗೆಯಾದ ಮೇಲೂ ಆರು ವಾರ ಹೆಪ್ಪುಗಟ್ಟುವ ಅಪಾಯ ಇದ್ದೇ ಇರುತ್ತದೆ.

ದೇಶದೊಳಗಿನ ಪ್ರಯಾಣಕ್ಕೂ ಕೂಸಿನ ವಯಸ್ಸಿಗೆ ಪುರಾವೆ ಬೇಕು. ಜನನ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲವೆಂದು ಹೆದರಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಅಥವಾ ಲಸಿಕೆಯ ಕಾರ್ಡನ್ನು ಸಾಮಾನ್ಯವಾಗಿ ಒಪ್ಪುತ್ತಾರೆ.

ಎರಡು ವರ್ಷದ ಗೆರೆ

ಎರಡು ವರ್ಷ ತುಂಬುವವರೆಗೆ ಮಗು ಮಡಿಲಲ್ಲಿ ಕೂರಬಹುದು, ಅದಕ್ಕೆ ಪ್ರತ್ಯೇಕ ಸೀಟಿಲ್ಲ. ಆದರೂ ಹೆಸರು ಟಿಕೆಟಿನಲ್ಲಿ ಇರಬೇಕು, ಶುಲ್ಕವೂ ಇದೆ. ಒಬ್ಬ ದೊಡ್ಡವರಿಗೆ ಒಂದೇ ಮಡಿಲ ಕೂಸು. ಅವಳಿ ಮಕ್ಕಳೊಂದಿಗೆ ತಾಯಿ ಒಬ್ಬಳೇ ಹೊರಟರೆ ಎರಡನೇ ಮಗುವಿಗೆ ಸೀಟು ಕೊಳ್ಳಬೇಕು, ಇಲ್ಲವೇ ಇನ್ನೊಬ್ಬರು ಜೊತೆಗೆ ಬೇಕು. ಒಂದೇ ಸಾಲಿನಲ್ಲಿ ಇಬ್ಬರು ಅಮ್ಮಂದಿರನ್ನು ಕೂಸುಗಳೊಂದಿಗೆ ಕೂರಿಸದಿರುವುದಕ್ಕೂ ಕಾರಣವಿದೆ: ಮೂರು ಸೀಟಿನ ಸಾಲಿಗೆ ಸಾಮಾನ್ಯವಾಗಿ ಇರುವುದು ನಾಲ್ಕು ಆಮ್ಲಜನಕದ ಮುಖವಾಡ.

ವಯಸ್ಸನ್ನು ನೋಡುವುದು ಪ್ರಯಾಣದ ದಿನ, ಟಿಕೆಟ್ ಮಾಡಿಸಿದ ದಿನವಲ್ಲ. ಬೇಸಿಗೆ ರಜೆಗೆ ಬಂದು ಊರಿನಲ್ಲೇ ಎರಡನೇ ಹುಟ್ಟುಹಬ್ಬ ಆಚರಿಸಿದ ಮಗುವಿಗೆ ವಾಪಸು ಹೋಗುವಾಗ ಪೂರ್ತಿ ಸೀಟು ಬೇಕು. ಇದನ್ನು ಮೊದಲೇ ಹೇಳಿ ಟಿಕೆಟ್ ಮಾಡಿಸದಿದ್ದರೆ ವಿಮಾನ ನಿಲ್ದಾಣದಲ್ಲಿ ಆ ದಿನದ ದರ ತೆರಬೇಕಾದೀತು.

ದೊಡ್ಡ ವಿಮಾನಗಳಲ್ಲಿ ಮುಂದಿನ ಗೋಡೆಗೆ ತಗುಲಿಸುವ ತೊಟ್ಟಿಲು ಸಿಗುತ್ತದೆ. ತೂಕದ ಮಿತಿಯಿದೆ, ಎಣಿಕೆಯೂ ಕಡಿಮೆ. ಟಿಕೆಟ್ ಆದ ಕೂಡಲೇ ಕರೆ ಮಾಡಿ ಕೇಳಿ. ದೇಶದೊಳಗೆ ಓಡಾಡುವ ಸಣ್ಣ ವಿಮಾನಗಳಲ್ಲಿ ಅದನ್ನು ನಿರೀಕ್ಷಿಸಬೇಡಿ.

ಸ್ವಲ್ಪ ದೊಡ್ಡ ಮಕ್ಕಳ ಪೋಷಕರು ತಿಳಿದಿರಬೇಕಾದ ಆದೇಶವೊಂದಿದೆ. 12 ವರ್ಷದವರೆಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್‌ನಲ್ಲಿರುವ ತಂದೆ ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2024ರ ಏಪ್ರಿಲ್‌ನಲ್ಲಿ ಸಂಸ್ಥೆಗಳಿಗೆ ಹೇಳಿದೆ. ಹಣ ಕೊಟ್ಟು ಸೀಟು ಆರಿಸದ ಕಾರಣಕ್ಕೆ ಮಗುವನ್ನು ಬೇರೆ ಸಾಲಿಗೆ ಹಾಕಿದ್ದರೆ ಈ ಆದೇಶ ನೆನಪಿಸಿ. ಆದರೆ ‘ಒಂದೇ ಪಿಎನ್‌ಆರ್’ ಎಂಬ ಮಾತು ಮುಖ್ಯ. ಅಪ್ಪ ಒಂದು ಕಡೆ, ಅಮ್ಮ ಮಗು ಇನ್ನೊಂದು ಕಡೆ ಎಂದು ಬೇರೆ ಬೇರೆ ಟಿಕೆಟ್ ಮಾಡಿಸಬೇಡಿ. ಅಜ್ಜಿಯ ಮನೆಗೆ ಮಗುವನ್ನು ಒಂಟಿಯಾಗಿ ಕಳಿಸುವುದಾದರೆ, ಸಾಮಾನ್ಯವಾಗಿ 5 ವರ್ಷ ತುಂಬಿ 12 ದಾಟದ ಮಕ್ಕಳಿಗೆ ಸಂಸ್ಥೆಯ ಮೇಲ್ವಿಚಾರಣೆಯ ಸೇವೆ ಇದೆ. ಬಿಡುವವರ ಮತ್ತು ಕರೆದೊಯ್ಯುವವರ ಹೆಸರು, ಗುರುತಿನ ಚೀಟಿ ಮೊದಲೇ ಕೊಟ್ಟಿರಬೇಕು.

ಗಡಿ ದಾಟುವಾಗ

ವಿದೇಶಕ್ಕೆ ಹೊರಡುವ ಕೂಸಿಗೆ, ಅದು ಎಷ್ಟೇ ಚಿಕ್ಕದಿದ್ದರೂ, ಸ್ವಂತ ಪಾಸ್‌ಪೋರ್ಟ್ ಬೇಕು, ಆ ದೇಶ ಕೇಳುವುದಾದರೆ ವೀಸಾ ಕೂಡ. ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟ್ ಪಡೆದ ಮಗುವನ್ನು ನಾಮಕರಣಕ್ಕೆ ಊರಿಗೆ ಕರೆತರಬೇಕಾದರೆ ಭಾರತದ ವೀಸಾ ಅಥವಾ ಒಸಿಐ ಕಾರ್ಡ್ ಬೇಕು. ಅಪ್ಪ ಅಮ್ಮ ಇಬ್ಬರೂ ಭಾರತೀಯರೆಂಬುದು ಅಲ್ಲಿ ನಡೆಯುವುದಿಲ್ಲ. ಒಬ್ಬರೇ ಮಗುವಿನೊಂದಿಗೆ ಗಡಿ ದಾಟುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಇಟ್ಟುಕೊಳ್ಳಿ, ಹಲವು ದೇಶಗಳಲ್ಲಿ ಕೇಳುತ್ತಾರೆ. ಬಸುರಿಯರು ಪ್ರಯಾಣ ವಿಮೆ ಕೊಳ್ಳುವ ಮುಂಚೆ ಅದು ಬಸುರಿನ ತೊಂದರೆಗಳಿಗೆ ಅನ್ವಯಿಸುತ್ತದೆಯೇ ಎಂದು ಓದಿ. ಬಹಳಷ್ಟು ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ.

ಕೈಚೀಲದಲ್ಲಿ

ವಿದೇಶ ಹಾರಾಟಗಳಲ್ಲಿ ದ್ರವಕ್ಕೆ 100 ಮಿಲಿಲೀಟರ್ ಮಿತಿಯಿದ್ದರೂ ಮಗುವಿನ ಹಾಲು, ಆಹಾರ, ಔಷಧಿಗೆ ಪ್ರಯಾಣಕ್ಕೆ ಬೇಕಾದಷ್ಟು ರಿಯಾಯಿತಿಯಿದೆ. ಪ್ರತ್ಯೇಕ ಚೀಲದಲ್ಲಿಟ್ಟು ತಪಾಸಣೆಯವರಿಗೆ ನೀವೇ ಮೊದಲು ಹೇಳಿ. ರಾಗಿ ಸರಿಯ ಹಿಟ್ಟು ಒಯ್ದು ವಿಮಾನದಲ್ಲಿ ಬಿಸಿನೀರು ಕೇಳಬಹುದು. ಬಾಣಂತಿಗೆಂದು ಅಮ್ಮ ಕಟ್ಟಿಕೊಡುವ ಗಂಟಿನಲ್ಲಿ ಒಣ ಕೊಬ್ಬರಿ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. ಎಣ್ಣೆಯಂಶ ಹೆಚ್ಚಿರುವ ಅದು ಬೆಂಕಿ ಹಿಡಿಯಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ತುಪ್ಪದ ಡಬ್ಬಿ ಲಗೇಜಿಗೆ.

ವಿಮಾನ ಇಳಿಯುವಾಗ ಕೂಸು ಕಿರುಚುವುದು ಕಿವಿ ನೋವಿಗೆ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ಒತ್ತಡ ಸರಿತೂಗಿಸಲು ತೆರೆಯಬೇಕು. ನುಂಗಿದಾಗ ಅದು ತೆರೆಯುತ್ತದೆ. ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮುಂಚೆ, ಇಳಿಯುವ ಸೂಚನೆ ಬಂದಾಗ, ಮಲಗಿದ್ದರೂ ಎಬ್ಬಿಸಿ ಹಾಲೂಡಿಸಿ. ದೊಡ್ಡ ಮಗುವಿಗೆ ನೀರು ಗುಟುಕು ಗುಟುಕಾಗಿ ಕೊಡಿ. ಕಿವಿ ಸೋರುತ್ತಿದ್ದರೆ, ಮೂಗು ಪೂರ್ತಿ ಕಟ್ಟಿದ್ದರೆ ವೈದ್ಯರಿಗೆ ತೋರಿಸಿ ಹೊರಡಿ. ಸುಮ್ಮನೆ ಮಲಗಲಿ ಎಂದು ಶೀತದ ಸಿರಪ್ ಕುಡಿಸುವ ಅಭ್ಯಾಸ ಕೆಲವರಲ್ಲಿದೆ. ಚಿಕ್ಕ ಮಕ್ಕಳ ಉಸಿರಾಟವನ್ನೇ ಅದು ಕುಗ್ಗಿಸಬಹುದು. ಖಂಡಿತ ಬೇಡ.

ಎಲ್ಲವೂ ತಾರೀಖಿನ ಮೇಲೆ ನಿಂತಿರುವುದರಿಂದ ಹಿರಿಯರಲ್ಲಿ ಒಂದು ಕೋರಿಕೆ. ಸೀಮಂತಕ್ಕೆ, ನಾಮಕರಣಕ್ಕೆ ದಿನ ನೋಡುವಾಗ ಪಂಚಾಂಗದ ಪಕ್ಕದಲ್ಲಿ ತಾಯಿ ಕಾರ್ಡನ್ನೂ ಇಟ್ಟುಕೊಳ್ಳಿ. ಹೋಗುವ ದಿನಕ್ಕೆ ಎಷ್ಟು ವಾರ, ಬರುವ ದಿನಕ್ಕೆ ಎಷ್ಟು ಎಂದು ಬರೆದು, ಒಮ್ಮೆ ವೈದ್ಯರಿಗೆ ತೋರಿಸಿ, ಆಮೇಲೆ ಟಿಕೆಟ್ ಮಾಡಿಸಿ. ಲೆಕ್ಕ ಗಡಿಗೆ ತೀರಾ ಹತ್ತಿರ ಬಂದರೆ ಶಾಸ್ತ್ರವನ್ನು ಎರಡು ವಾರ ಹಿಂದಕ್ಕೆ ತಂದುಕೊಳ್ಳಿ, ಇಲ್ಲವೇ ಮಗಳಿರುವ ಊರಿಗೆ ಅಮ್ಮನೇ ಹೋಗಿ ಬಾಣಂತನ ಮಾಡಲಿ.